ಪರದೆಗೆ ತಕ್ಕ ಕಾರ್ಡು

ಕಂಪ್ಯೂಟರಿನಲ್ಲಿ ಆಟವಾಡಲು ಗ್ರಾಫಿಕ್ಸ್ ಕಾರ್ಡ್ ಕೊಳ್ಳಹೊರಟವರಿಗೆ ಇಂದು ಎದುರಾಗುವ ಮೊದಲ ಪ್ರಶ್ನೆ ಮಾನಿಟರಿನದು. ಪರದೆ 1080ಪಿಯೋ, 1440ಪಿಯೋ, 4ಕೆಯೋ ಎಂದು ತಿಳಿಯದೆ ಬಲ್ಲ ಅಂಗಡಿಯವನು ಕಾರ್ಡಿನ ಹೆಸರೆತ್ತುವುದಿಲ್ಲ. ಪರದೆಯ ಮೇಲಿನ ಚಿತ್ರ ಮೂಡುವುದು ಪಿಕ್ಸೆಲ್ ಎಂಬ ಸಣ್ಣ ಬಿಂದುಗಳಿಂದ. ಒಂದು ಅಡ್ಡಸಾಲಿನಲ್ಲಿ ಅಂಥ ಬಿಂದುಗಳು ಎಷ್ಟಿವೆ, ಅಂಥ ಸಾಲುಗಳು ಮೇಲಿಂದ ಕೆಳಕ್ಕೆ ಎಷ್ಟಿವೆ ಎಂಬ ಲೆಕ್ಕಕ್ಕೆ ರೆಸಲ್ಯೂಷನ್ ಎನ್ನುತ್ತಾರೆ. 1920×1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಬಿಂದುಗಳಿದ್ದರೆ, 4ಕೆ ಎಂದು ಕರೆಯಲಾಗುವ 3840×2160ರ ಪರದೆಯಲ್ಲಿ ಅದರ ನಾಲ್ಕರಷ್ಟು, ಅಂದರೆ ಸುಮಾರು 83 ಲಕ್ಷ ಬಿಂದುಗಳಿರುತ್ತವೆ. ಆಟ ಸರಾಗವಾಗಿ ಸಾಗಬೇಕಾದರೆ ಇವೆಲ್ಲಕ್ಕೂ ಸೆಕೆಂಡಿಗೆ ಅರವತ್ತು ಬಾರಿ ಹೊಸದಾಗಿ ಬಣ್ಣ ನಿರ್ಧರಿಸುವ ಹೊಣೆ ಕಾರ್ಡಿನದು. ಮೊದಲು ಪರದೆ, ಆಮೇಲೆ ಅದಕ್ಕೆ ತಕ್ಕ ಕಾರ್ಡು ಎಂಬ ಈ ಕ್ರಮ ಈಗ ಎಷ್ಟು ರೂಢಿಯಾಗಿದೆಯೆಂದರೆ, ಅದಕ್ಕೂ ಒಂದು ಆರಂಭವಿತ್ತು ಎಂಬುದೇ ಮರೆತುಹೋಗಿದೆ. ಆದರೆ ಈ ಕ್ರಮದ ವಯಸ್ಸು ಇಪ್ಪತ್ತು ವರ್ಷಕ್ಕಿಂತ ತುಸು ಹೆಚ್ಚು, ಅಷ್ಟೆ. ಅದಕ್ಕೂ ಮುಂಚೆ ಕಾರ್ಡಿನ ಕಸುವು ಎಷ್ಟಿತ್ತೋ ಅಷ್ಟಕ್ಕೆ ಪರದೆಯೇ ಹೊಂದಿಕೊಳ್ಳುತ್ತಿತ್ತು, ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಆಟಗಾರರಿಗೆ ಅಭ್ಯಾಸವಾಗಿತ್ತು.

ಐಬಿಎಂ ಕಂಪನಿಯು 1987ರಲ್ಲಿ ತನ್ನ ಪಿಎಸ್/2 ಯಂತ್ರಗಳೊಂದಿಗೆ ಪರಿಚಯಿಸಿದ ವಿಜಿಎ ಎಂಬ ವ್ಯವಸ್ಥೆಯಿಂದ ಈ ಕಥೆಯನ್ನು ಆರಂಭಿಸಬಹುದು. ವಿಜಿಎಯಲ್ಲಿ 640×480 ಬಿಂದುಗಳನ್ನು ತೋರಿಸಬಹುದಿತ್ತಾದರೂ ಆಗ ಸಿಗುತ್ತಿದ್ದುದು 16 ಬಣ್ಣ ಮಾತ್ರ. 320×200ಕ್ಕೆ ಇಳಿದರೆ 256 ಬಣ್ಣ ಸಿಗುತ್ತಿದ್ದವು. ಆಟ ಬರೆಯುವವರು ಬಹುಪಾಲು ಎರಡನೆಯ ದಾರಿ ಹಿಡಿದರು. ಬಣ್ಣದ ಆಸೆಯೊಂದೇ ಅದಕ್ಕೆ ಕಾರಣವಾಗಿರಲಿಲ್ಲ: ಬಿಂದುವಿಗೆ ಒಂದು ಬೈಟ್‌ನಂತೆ 320×200ರ ಪೂರ್ತಿ ಪರದೆ 64,000 ಬೈಟ್‌ಗಳಲ್ಲಿ ಮುಗಿಯುತ್ತಿತ್ತು, ಅಂದಿನ ಡಾಸ್ ಪ್ರೋಗ್ರಾಮುಗಳು ಒಂದು ತುಂಡಾಗಿ ಕೈಗೆತ್ತಿಕೊಳ್ಳಬಹುದಾಗಿದ್ದ ಮೆಮೊರಿಯ ಅಳತೆಯೋ 65,536 ಬೈಟ್. ಪರದೆ ಆ ತುಂಡಿನೊಳಗೆ ಅಳೆದು ಹೊಲಿಸಿದ ಅಂಗಿಯಂತೆ ಕೂರುತ್ತಿತ್ತು.

ಆ ದಿನಗಳ ಕಾರ್ಡು ಚಿತ್ರ ಬರೆಯುತ್ತಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಪ್ರೊಸೆಸರು ಬರೆದಿಟ್ಟ ಬಿಂದುಗಳನ್ನು ಓದಿ ಮಾನಿಟರಿಗೆ ಕಳಿಸುವುದಷ್ಟೇ ಅದರ ಕೆಲಸ. 1993ರ ಡಿಸೆಂಬರಿನಲ್ಲಿ ಐಡಿ ಸಾಫ್ಟ್‌ವೇರ್ ಹೊರತಂದ ‘ಡೂಮ್’ ಆಟದಲ್ಲಿ ಗೋಡೆ, ನೆಲ, ರಾಕ್ಷಸರು ಎಲ್ಲವನ್ನೂ ಪ್ರೊಸೆಸರೇ ಬಿಂದು ಬಿಂದುವಾಗಿ ತುಂಬಬೇಕಿತ್ತು. ಯಂತ್ರ ನಿಧಾನವೆನಿಸಿದಾಗ ಆಟಗಾರನು ಕೀಬೋರ್ಡಿನ ಮೈನಸ್ ಗುಂಡಿಯೊತ್ತಿ ಆಟದ ಕಿಟಕಿಯನ್ನು ಕಿರಿದು ಮಾಡಿಕೊಳ್ಳುತ್ತಿದ್ದನು. ಪರದೆಯ ಅಂಚಿನಲ್ಲಿ ಬರಿಯ ಚೌಕಟ್ಟು ಉಳಿದು ನಡುವಿನ ಆಯತದಲ್ಲಿ ಮಾತ್ರ ಆಟ ನಡೆಯುತ್ತಿತ್ತು. ಬಿಂದುಗಳನ್ನು ಬಿಟ್ಟುಕೊಟ್ಟು ವೇಗವನ್ನು ಪಡೆಯುವ ಈ ಚೌಕಾಸಿಯೇ ಮುಂದಿನ ಮೂವತ್ತು ವರ್ಷಗಳ ಎಲ್ಲ ಆಯ್ಕೆಗಳ ಮೂಲರೂಪವೆನ್ನಬೇಕು.

ಚಿತ್ರ ಬರೆಯುವ ಕೆಲಸವನ್ನೇ ಕಾರ್ಡಿಗೆ ವಹಿಸಿ ಆಟಗಾರರ ಮನೆಮಾತಾದದ್ದು 3ಡಿಎಫ್‌ಎಕ್ಸ್ ಎಂಬ ಕಂಪನಿ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ 1994ರಲ್ಲಿ ಹುಟ್ಟಿದ ಈ ಕಂಪನಿಯ ‘ವೂಡೂ ಗ್ರಾಫಿಕ್ಸ್’ ಚಿಪ್ಪು 1996ರಲ್ಲಿ ಮಾರುಕಟ್ಟೆಗೆ ಬಂತು. ಮರುವರ್ಷದ ಆರಂಭದಲ್ಲಿ ‘ಕ್ವೇಕ್’ ಆಟಕ್ಕೆ ಈ ಬಗೆಯ ಕಾರ್ಡುಗಳನ್ನು ಬಳಸಿಕೊಳ್ಳುವ ಹೊಸ ಆವೃತ್ತಿ ಸಿಕ್ಕಿದಾಗ ಅದರ ಬೇಡಿಕೆ ಏರಿತು. ವೂಡೂ ಮೂರು ಆಯಾಮದ ಚಿತ್ರಗಳನ್ನಷ್ಟೇ ಬರೆಯಬಲ್ಲದ್ದಾಗಿತ್ತು. ಆದ್ದರಿಂದ ಯಂತ್ರದಲ್ಲಿ ಮಾಮೂಲಿ ಕಾರ್ಡೂ ಇರಲೇಬೇಕಿತ್ತು. ಅದರಿಂದ ಹೊರಟ ಗಿಡ್ಡ ಕೇಬಲ್ಲೊಂದು ವೂಡೂ ಕಾರ್ಡಿನ ಹಿಂಬದಿಗೆ ಸೇರಿ, ಅಲ್ಲಿಂದ ಮಾನಿಟರಿಗೆ ಹಾದುಹೋಗುತ್ತಿತ್ತು. ಆರ್ಕಿಡ್ ಕಂಪನಿಯ ‘ರೈಟಿಯಸ್ 3ಡಿ’ ಎಂಬ ವೂಡೂ ಕಾರ್ಡಿನಲ್ಲಿ ಈ ಎರಡು ದಾರಿಗಳ ನಡುವಿನ ಅದಲುಬದಲಿಗೆ ಯಾಂತ್ರಿಕ ರಿಲೇ ಇದ್ದುದರಿಂದ, ಆಟ ಶುರುವಾಗುವಾಗ ಪೆಟ್ಟಿಗೆಯೊಳಗಿನಿಂದ ‘ಟಕ್’ ಎಂಬ ಸದ್ದು ಕೇಳಿಸುತ್ತಿತ್ತು.

ಹೆಚ್ಚಿನ ರೆಸಲ್ಯೂಷನ್ನಿಗೂ ಕಾರ್ಡಿನ ಮೆಮೊರಿಗೂ ಇರುವ ಸಂಬಂಧವನ್ನು ವೂಡೂವಿನಷ್ಟು ನಿಚ್ಚಳವಾಗಿ ತೋರಿಸಿದ ಕಾರ್ಡು ಮತ್ತೊಂದಿಲ್ಲ. ಅದರ 4 ಮೆಗಾಬೈಟ್ ಮೆಮೊರಿಯಲ್ಲಿ ಅರ್ಧ ಟೆಕ್ಸ್ಚರುಗಳಿಗೆ, ಅಂದರೆ ಗೋಡೆ ನೆಲಗಳ ಮೇಲೆ ಹೊದಿಸುವ ಚಿತ್ರಗಳಿಗೆ ಮೀಸಲಾಗಿತ್ತು; ಪರದೆಗೆ ಉಳಿದದ್ದು 2 ಮೆಗಾಬೈಟ್, ಅಂದರೆ 20,97,152 ಬೈಟ್. ಬಿಂದುವಿಗೆ ಎರಡು ಬೈಟ್ ಬಣ್ಣದಂತೆ ಒಂದು ಪರದೆ ಕಾಣುತ್ತಿರುವಾಗಲೇ ಮುಂದಿನದು ಹಿನ್ನೆಲೆಯಲ್ಲಿ ತಯಾರಾಗಬೇಕಿದ್ದುದರಿಂದ ಬಣ್ಣಕ್ಕೇ ಎರಡು ಪ್ರತಿ ಬೇಕಾಗುತ್ತಿತ್ತು. ಯಾವ ವಸ್ತು ಮುಂದಿದೆ, ಯಾವುದು ಅದರ ಮರೆಯಲ್ಲಿದೆ ಎಂದು ಬಿಂದು ಬಿಂದುವಿಗೂ ಬರೆದಿಡುವ ಆಳದ ಪಟ್ಟಿ, ಝಡ್-ಬಫರ್, ಮೂರನೆಯದು. 640×480ಕ್ಕೆ ಈ ಮೂರೂ ಸೇರಿ 18,43,200 ಬೈಟ್ ಆಗಿ ಮೆಮೊರಿಯೊಳಗೆ ಹಿಡಿಸುತ್ತವೆ. 800×600ಕ್ಕೆ 28,80,000 ಬೈಟ್ ಬೇಕು, ಹಿಡಿಸುವುದಿಲ್ಲ. 1998ರ ‘ವೂಡೂ2’ ಕಾರ್ಡಿನಲ್ಲಿ ಪರದೆಗೆಂದೇ 4 ಮೆಗಾಬೈಟ್ ಕೊಟ್ಟಾಗ 800×600 ದಕ್ಕಿತು, ಆದರೆ 1024×768ಕ್ಕೆ ಬೇಕಾದ 47,18,592 ಬೈಟ್ ಮತ್ತೆ ಎಲ್ಲೆ ಮೀರಿತು. ಕಂಪನಿ ಇದಕ್ಕೆ ಕಂಡುಕೊಂಡ ಪರಿಹಾರ ಎಸ್‌ಎಲ್‌ಐ, ಅಂದರೆ ಸ್ಕ್ಯಾನ್‌ಲೈನ್ ಇಂಟರ್‌ಲೀವ್: ಎರಡು ವೂಡೂ2 ಕಾರ್ಡುಗಳನ್ನು ಒಂದು ಪಟ್ಟಿ ಕೇಬಲ್ಲಿನಿಂದ ಬೆಸೆದು, ಸಾಲು ಬಿಟ್ಟು ಸಾಲನ್ನು ಒಂದೊಂದು ಕಾರ್ಡು ಬರೆಯುವಂತೆ ಮಾಡಿದರೆ ಪ್ರತಿ ಕಾರ್ಡಿನ ಪಾಲಿಗೆ ಅರ್ಧ ಪರದೆ ಮಾತ್ರ ಬರುತ್ತದೆ. 12 ಮೆಗಾಬೈಟಿನ ಒಂದು ವೂಡೂ2 ಕಾರ್ಡಿಗೆ ಬಿಡುಗಡೆಯ ಹೊತ್ತಿಗೆ ಅಮೆರಿಕದಲ್ಲಿ 299 ಡಾಲರ್ ಬೆಲೆಯಿತ್ತು. 800×600ರಿಂದ 1024×768ಕ್ಕೆ ಏರಲು, ಅಂದರೆ ಸುಮಾರು ಮೂರು ಲಕ್ಷ ಹೆಚ್ಚುವರಿ ಬಿಂದುಗಳಿಗೆ, ಅಷ್ಟೇ ಹಣವನ್ನು ಮತ್ತೊಮ್ಮೆ ಸುರಿಯಬೇಕಿತ್ತು. ಸುರಿದವರೂ ಇದ್ದರು.

ಈ ಎಲ್ಲ ಹೊತ್ತಿನಲ್ಲೂ ಎದುರಿಗಿದ್ದ ಮಾನಿಟರು ಮಾತ್ರ ಯಾವ ತಕರಾರೂ ಎತ್ತಿರಲಿಲ್ಲ. ಅದು ಸಿಆರ್‌ಟಿ, ಅಂದರೆ ಗಾಜಿನ ಬುರುಡೆಯ ಹಿಂಬದಿಯಿಂದ ಹೊರಟ ಎಲೆಕ್ಟ್ರಾನ್ ಕಿರಣವು ಮುಂಭಾಗದ ಲೇಪನವನ್ನು ಸಾಲುಸಾಲಾಗಿ ಸವರಿ ಬೆಳಗಿಸುವ ಮಾನಿಟರು. ಕಿರಣವು 480 ಸಾಲು ಸವರಿದರೂ 768 ಸಾಲು ಸವರಿದರೂ ಚಿತ್ರ ಪರದೆಯ ತುಂಬ ಹರಡುತ್ತಿತ್ತು, ಕಡಿಮೆ ಸಾಲಿನ ಚಿತ್ರ ಮೃದುವಾಗಿ ಕಂಡರೂ ಕಲಸಿದಂತೆ ಕಾಣುತ್ತಿರಲಿಲ್ಲ. ಅದಕ್ಕಿದ್ದ ಮಿತಿ ಬೇರೆಯದು: ಕಿರಣವು ಸೆಕೆಂಡಿಗೆ ಇಂತಿಷ್ಟೇ ಸಾಲು ಸವರಬಲ್ಲದ್ದಾದ್ದರಿಂದ, ಸಾಲು ಹೆಚ್ಚಿಸಿದಷ್ಟೂ ಪರದೆ ಸೆಕೆಂಡಿಗೆ ಮರಳಿ ಬೆಳಗುವ ಸಂಖ್ಯೆ, ಅಂದರೆ ರಿಫ್ರೆಶ್ ರೇಟ್, ತಗ್ಗುತ್ತಿತ್ತು. 1024×768ರಲ್ಲಿ 85 ಹರ್ಟ್ಸ್ ಕೊಡುತ್ತಿದ್ದ ಮಾಮೂಲಿ 17 ಇಂಚಿನ ಮಾನಿಟರು 1280×1024ಕ್ಕೆ ಏರಿಸಿದರೆ 60ರ ಆಸುಪಾಸಿಗೆ ಇಳಿದು ಮಿಣಮಿಣ ಮಿನುಗಿ ಕಣ್ಣಿಗೆ ಹಿಂಸೆ ಕೊಡುತ್ತಿತ್ತು. ಹೀಗಾಗಿ ಹೊಸ ಆಟ ಭಾರವೆನಿಸಿದರೆ ಒಂದು ಮೆಟ್ಟಿಲು ಇಳಿಯುವುದು, ಹೊಸ ಕಾರ್ಡು ಬಂದರೆ ಒಂದು ಮೆಟ್ಟಿಲು ಹತ್ತುವುದು ಆಟಗಾರರ ನಿತ್ಯದ ವಹಿವಾಟಾಗಿತ್ತು, ಅದಕ್ಕಾಗಿ ಯಾರೂ ಮಾನಿಟರು ಬದಲಿಸುತ್ತಿರಲಿಲ್ಲ.

1999ರಿಂದ 2003ರವರೆಗಿನ ಬೆಳವಣಿಗೆಯನ್ನು ಇಲ್ಲಿ ಚುಟುಕಾಗಿ ಹೇಳಿದರೆ ಸಾಕು. 1993ರಲ್ಲಿ ಸ್ಥಾಪನೆಯಾದ ಎನ್‌ವಿಡಿಯಾ 1999ರಲ್ಲಿ ‘ಜೀಫೋರ್ಸ್ 256’ ಕಾರ್ಡನ್ನು ಜಗತ್ತಿನ ಮೊದಲ ಜಿಪಿಯು, ಅಂದರೆ ಗ್ರಾಫಿಕ್ಸ್ ಪ್ರೊಸೆಸರು, ಎಂದು ಸಾರಿತು. 2000ದ ಕೊನೆಯಲ್ಲಿ, ಸೋತು ಸುಣ್ಣವಾಗಿದ್ದ 3ಡಿಎಫ್‌ಎಕ್ಸ್‌ನ ಆಸ್ತಿಯನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. 2002ರಲ್ಲಿ ಕೆನಡಾದ ಎಟಿಐ ಕಂಪನಿಯ ‘ರೇಡಿಯಾನ್ 9700 ಪ್ರೊ’ ತನ್ನ 256 ಬಿಟ್ ಅಗಲದ ಮೆಮೊರಿ ದಾರಿಯಿಂದಾಗಿ 1600×1200ರಂಥ ರೆಸಲ್ಯೂಷನ್ನಿನಲ್ಲೂ ಅಂಚುಗಳ ಗರಗಸದ ಹಲ್ಲನ್ನು ನಯಗೊಳಿಸಿ ಆಡಲು ಅನುವು ಮಾಡಿಕೊಟ್ಟಿತು. ಇದೇ ಎಟಿಐಯನ್ನು ಎಎಂಡಿ 2006ರಲ್ಲಿ ಕೊಂಡುಕೊಂಡ ಮೇಲೆ ಕಾರ್ಡು ಆರಿಸುವ ಮಾತು ಬಹುಮಟ್ಟಿಗೆ ಎರಡು ಮನೆತನಗಳ ನಡುವಿನ ಆಯ್ಕೆಯಾಗಿ ಉಳಿಯಿತು.

ಅಷ್ಟರಲ್ಲಿ ಮೇಜಿನ ಮೇಲೆ ಚಪ್ಪಟೆ ಪರದೆ ಬಂದು ಕುಳಿತಿತ್ತು. ಎಲ್‌ಸಿಡಿ ಪರದೆಯಲ್ಲಿ ಬಿಂದುಗಳು ಕಾರ್ಖಾನೆಯಲ್ಲೇ ಕೆತ್ತಿಟ್ಟಂತೆ ಖಾಯಂ ಆಗಿರುತ್ತವೆ. ಆ ಸಂಖ್ಯೆಗೆ ನೇಟಿವ್ ರೆಸಲ್ಯೂಷನ್, ಅಂದರೆ ಪರದೆಯ ಸಹಜ ರೆಸಲ್ಯೂಷನ್ ಎನ್ನುತ್ತಾರೆ. 17 ಮತ್ತು 19 ಇಂಚಿನ ಅಂದಿನ ಎಲ್‌ಸಿಡಿಗಳಲ್ಲಿ ಅದು ಸಾಮಾನ್ಯವಾಗಿ 1280×1024. ಇಂಥ ಪರದೆಗೆ 1024×768ರ ಚಿತ್ರವನ್ನು ಕಳಿಸಿದರೆ ಅಡ್ಡಸಾಲಿನ ಒಂದು ಬಿಂದುವನ್ನು ಒಂದೂಕಾಲು ಬಿಂದುಗಳ ಮೇಲೆ ಹರಡಬೇಕಾಗುತ್ತದೆ. ಕಾಲು ಬಿಂದುವೆಂಬುದು ಪರದೆಯಲ್ಲಿ ಇಲ್ಲದ್ದರಿಂದ ಅಕ್ಕಪಕ್ಕದ ಬಣ್ಣಗಳನ್ನು ಬೆರೆಸಿ ತೇಪೆ ಹಾಕುವುದೊಂದೇ ದಾರಿ, ಪರಿಣಾಮವಾಗಿ ಅಕ್ಷರಗಳು ಊದಿಕೊಂಡು ಚಿತ್ರವೆಲ್ಲ ಮಬ್ಬಾಗುತ್ತದೆ. 2000ರ ದಶಕದ ನಡುವಿನ ಹೊತ್ತಿಗೆ ಸಿಆರ್‌ಟಿ ಅಂಗಡಿಗಳಿಂದ ಮರೆಯಾಗತೊಡಗಿದಾಗ, ಮೆಟ್ಟಿಲು ಹತ್ತಿ ಇಳಿಯುವ ಹಳೆಯ ಸ್ವಾತಂತ್ರ್ಯವೂ ಅದರೊಂದಿಗೆ ಹೊರಟುಹೋಯಿತು. ಸಣ್ಣ ಮೇಜಿನ ಮೇಲೆ ಜಾಗ ಉಳಿಯಿತೆಂದು ಸಂತೋಷಪಟ್ಟ ಕೊಳ್ಳುಗನು, ಮುಂದಿನ ಐದಾರು ವರ್ಷ ಯಾವ ದರ್ಜೆಯ ಕಾರ್ಡು ಕೊಳ್ಳಬೇಕೆಂಬ ನಿರ್ಧಾರವನ್ನೂ ಆ ಪರದೆಯ ಕೈಗೇ ಕೊಟ್ಟಿದ್ದನು.

ದೊಡ್ಡ ಪರದೆಗಳ ಸಂದರ್ಭದಲ್ಲಿ ಈ ಬಂಧನದ ಬೆಲೆ ಸ್ಪಷ್ಟವಾಯಿತು. ಆ್ಯಪಲ್ ಕಂಪನಿಯು 2004ರಲ್ಲಿ ತಂದ 30 ಇಂಚಿನ ಸಿನೆಮಾ ಡಿಸ್‌ಪ್ಲೇಯಲ್ಲಿ 2560×1600, ಅಂದರೆ ಸುಮಾರು 41 ಲಕ್ಷ ಬಿಂದುಗಳಿದ್ದವು. ಅಂದಿನ ಡಿವಿಐ ಕೇಬಲ್ಲಿನ ಒಂದು ಕೊಂಡಿ ಸೆಕೆಂಡಿಗೆ ಹೆಚ್ಚೆಂದರೆ 16.5 ಕೋಟಿ ಬಿಂದುಗಳನ್ನು ಸಾಗಿಸಬಲ್ಲದ್ದಾಗಿತ್ತು. ಈ ಪರದೆಗೆ 60 ಹರ್ಟ್ಸ್‌ನಲ್ಲಿ 24.5 ಕೋಟಿಗೂ ಹೆಚ್ಚು ಬೇಕು. ಆದ್ದರಿಂದ ಒಂದೇ ಕೇಬಲ್ಲಿನಲ್ಲಿ ಎರಡು ಕೊಂಡಿಗಳನ್ನು ಹೊತ್ತ ಡ್ಯುಯಲ್-ಲಿಂಕ್ ಡಿವಿಐ ಅಗತ್ಯವಾಯಿತು, ಅಂಥ ಎರಡು ಕಿಂಡಿಗಳಿದ್ದ ‘ಜೀಫೋರ್ಸ್ 6800 ಅಲ್ಟ್ರಾ ಡಿಡಿಎಲ್’ ಕಾರ್ಡನ್ನು 599 ಡಾಲರಿಗೆ ಮಾರಲಾಯಿತು. ಪರದೆಯ ಬೆಲೆ 3,299 ಡಾಲರ್. ಚಿತ್ರ ಬರೆಯುವ ಶಕ್ತಿ ಕಾರ್ಡಿಗಿದ್ದರೆ ಸಾಲದು, ಬರೆದದ್ದನ್ನು ಪರದೆಗೆ ತಲುಪಿಸುವ ದಾರಿಯೂ ಅಗಲವಿರಬೇಕು ಎಂಬ ಪಾಠ ಇಲ್ಲಿಂದ ಆರಂಭವಾಯಿತು. ವಿನ್ಯಾಸಕಾರರಿಗೆಂದು ಹುಟ್ಟಿದ ಇಂಥ ಪರದೆಗಳು ಬೇಗನೆ ಸಿರಿವಂತ ಆಟಗಾರರ ಮೇಜಿಗೂ ಬಂದವು. ಒಂದು ಕಾರ್ಡು ಸಾಲದಾದಾಗ ಎನ್‌ವಿಡಿಯಾ 2004ರಲ್ಲಿ ಎಸ್‌ಎಲ್‌ಐ ಎಂಬ ಹಳೆಯ ಮೂರಕ್ಷರಗಳನ್ನು ಹೊಸ ಅರ್ಥದೊಂದಿಗೆ ಮರಳಿ ತಂದಿತು, ಮರುವರ್ಷ ಅದೇ ಬಗೆಯ ಎಟಿಐಯ ಕ್ರಾಸ್‌ಫೈರ್ ಬಂತು.

ಹೊಸ ಪದ್ಧತಿಯಲ್ಲಿ ಸಾಮಾನ್ಯವಾಗಿ ಒಂದು ಫ್ರೇಮನ್ನು, ಅಂದರೆ ಒಂದು ಪೂರ್ಣ ಚಿತ್ರವನ್ನು, ಮೊದಲ ಕಾರ್ಡೂ ಮುಂದಿನದನ್ನು ಎರಡನೆಯದೂ ಬರೆಯುತ್ತಿದ್ದವು. ಕಾಗದದ ಮೇಲಿನ ಲೆಕ್ಕ ಚೆನ್ನಾಗಿತ್ತು. ಆದರೆ ಮೊದಲ ಫ್ರೇಮು 5 ಮಿಲಿಸೆಕೆಂಡಿಗೆ ಬಂದು ಮುಂದಿನದು 28 ಮಿಲಿಸೆಕೆಂಡು ತೆಗೆದುಕೊಂಡರೆ, ಸರಾಸರಿ ಸೆಕೆಂಡಿಗೆ 60 ಎಂದೇ ಬಂದರೂ ಕಣ್ಣಿಗೆ ಕಾಣುವುದು ಕುಂಟು ನಡಿಗೆ. ಅಮೆರಿಕದ ‘ಟೆಕ್ ರಿಪೋರ್ಟ್’ ಜಾಲತಾಣದ ಸ್ಕಾಟ್ ವಾಸನ್ ಅವರು 2011ರಲ್ಲಿ ಸರಾಸರಿಯನ್ನು ಬದಿಗಿಟ್ಟು ಒಂದೊಂದು ಫ್ರೇಮಿನ ಅವಧಿಯನ್ನೂ ಅಳೆಯುವ ವಿಧಾನವನ್ನು ಲೇಖನವೊಂದರಲ್ಲಿ ಮುಂದಿಟ್ಟ ಮೇಲೆ ಈ ಕುಂಟುತನಕ್ಕೆ ಅಂಕಿಗಳ ಸಾಕ್ಷಿ ಸಿಕ್ಕಿತು. ಕಾರ್ಡುಗಳ ವಿಮರ್ಶೆಯ ಚರಿತ್ರೆಯಲ್ಲಿ ಯಾವುದೇ ಹೊಸ ಚಿಪ್ಪಿಗಿಂತ ಈ ಲೇಖನಕ್ಕೆ ಹೆಚ್ಚಿನ ಸ್ಥಾನ ಸಲ್ಲಬೇಕು. ಕೊಳ್ಳುವವರು ಏನನ್ನು ಕೇಳಬೇಕೆಂಬುದನ್ನೇ ಅದು ಬದಲಿಸಿತು. ಜೋಡಿ ಕಾರ್ಡಿನ ಕಟ್ಟಾ ಅಭಿಮಾನಿಗಳು ಇನ್ನೂ ಕೆಲವು ವರ್ಷ ವಾದಿಸಿದರಾದರೂ, ಎನ್‌ವಿಡಿಯಾದ ಆಟದ ಕಾರ್ಡುಗಳಲ್ಲಿ ಜೋಡಣೆಯ ಕೊಂಡಿ 2020ರ ‘ಆರ್‌ಟಿಎಕ್ಸ್ 3090’ ಮತ್ತು ಅದರ ಒಡಹುಟ್ಟಿದ ‘3090 ಟಿಐ’ಗಳಿಗೇ ಕೊನೆಗೊಂಡಿತು.

4ಕೆ ಮಾನಿಟರುಗಳ ಆಗಮನ ಕೇಬಲ್ಲಿನ ಪಾಠವನ್ನು ಮತ್ತೊಮ್ಮೆ ಓದಿಸಿತು. 2013ರಲ್ಲಿ 3,499 ಡಾಲರಿಗೆ ಬಂದ ಏಸಸ್ ಕಂಪನಿಯ 31.5 ಇಂಚಿನ 4ಕೆ ಮಾನಿಟರು 60 ಹರ್ಟ್ಸ್‌ನಲ್ಲಿ ನಡೆಯುವಾಗ ಕಾರ್ಡಿನ ಕಣ್ಣಿಗೆ ಒಂದು ಪರದೆಯಾಗಿ ಕಾಣದೆ, 1920×2160 ಬಿಂದುಗಳ ಎರಡು ಪರದೆಗಳನ್ನು ಪಕ್ಕಪಕ್ಕ ನಿಲ್ಲಿಸಿದಂತೆ ಕಾಣುತ್ತಿತ್ತು. ಅಂದು ಚಾಲ್ತಿಯಲ್ಲಿದ್ದ ಎಚ್‌ಡಿಎಂಐ 1.4 ಅಂತೂ 4ಕೆಯನ್ನು 30 ಹರ್ಟ್ಸ್‌ಗಿಂತ ಹೆಚ್ಚಿಗೆ ಒಯ್ಯುತ್ತಿರಲಿಲ್ಲ. ಅದೇ ವರ್ಷ ಪ್ರಕಟವಾದ 2.0 ಆವೃತ್ತಿ ಕಾರ್ಡುಗಳಲ್ಲಿ ನೆಲೆಗೊಳ್ಳಲು ಇನ್ನೂ ಕಾಲ ಹಿಡಿಯಿತು. ಈ ಎರಡು ತುದಿಗಳ ನಡುವೆ 2560×1440 ಜಾಣರ ಆಯ್ಕೆಯಾಗಿ ಬೆಳೆಯಿತು, ಆದರೆ ಅದನ್ನು ಅಗ್ಗದ ದಾರಿಯೆಂದು ತಿಳಿದವರು ಒಂದು ಗುಣಾಕಾರವನ್ನು ಮರೆತಿರುತ್ತಾರೆ. 2014ರಿಂದ ಸಿಗತೊಡಗಿದ 144 ಹರ್ಟ್ಸ್‌ನ 1440ಪಿ ಮಾನಿಟರನ್ನು ಪೂರ್ತಿ ವೇಗದಲ್ಲಿ ನಡೆಸಲು ಸೆಕೆಂಡಿಗೆ ಸುಮಾರು 53 ಕೋಟಿ ಬಿಂದುಗಳು ಬೇಕು. 60 ಹರ್ಟ್ಸ್‌ನ 4ಕೆ ಪರದೆಗೆ 50 ಕೋಟಿಗಿಂತ ತುಸು ಕಡಿಮೆ ಸಾಕು.

ಮೆಮೊರಿಯ ಪ್ರಶ್ನೆಯೂ ವೂಡೂ ಕಾಲದ ರೂಪ ಬಿಟ್ಟು ಬೇರೆ ವೇಷದಲ್ಲಿ ಮರಳಿತು. 4ಕೆ ಪರದೆಯ ಬಣ್ಣದ ಒಂದು ಪ್ರತಿಗೆ ಬಿಂದುವಿಗೆ ನಾಲ್ಕು ಬೈಟ್‌ನಂತೆ ಲೆಕ್ಕ ಹಾಕಿದರೂ ಸುಮಾರು 33 ಮೆಗಾಬೈಟ್ ಸಾಕು, ಗಿಗಾಬೈಟುಗಳ ಕಾಲದಲ್ಲಿ ಇದು ಯಾವ ಲೆಕ್ಕಕ್ಕೂ ಇಲ್ಲ. ಜಾಗ ನುಂಗುವುದು ಹತ್ತಿರದಿಂದ ನೋಡಿದರೂ ಒಡೆಯದಷ್ಟು ಸೂಕ್ಷ್ಮವಾದ ಟೆಕ್ಸ್ಚರುಗಳು ಮತ್ತು ಬೆಳಕು ನೆರಳುಗಳ ಲೆಕ್ಕಕ್ಕಾಗಿ ಆಟವು ಮಧ್ಯೆ ಮಧ್ಯೆ ತಯಾರಿಸಿಕೊಳ್ಳುವ ಹತ್ತಾರು ಕರಡು ಚಿತ್ರಗಳು. 2014ರ ‘ಜಿಟಿಎಕ್ಸ್ 970’ ಕಾರ್ಡಿನ 4 ಗಿಗಾಬೈಟಿನಲ್ಲಿ 3.5 ಮಾತ್ರ ಪೂರ್ಣ ವೇಗದ್ದೆಂದೂ ಉಳಿದರ್ಧ ತೀರ ನಿಧಾನವೆಂದೂ ಮರುವರ್ಷ ಬೆಳಕಿಗೆ ಬಂದಾಗ ಎದ್ದ ಗದ್ದಲ, 2016ರಲ್ಲಿ ಅಮೆರಿಕದ ಗ್ರಾಹಕರಿಗೆ ಕಾರ್ಡಿಗೆ 30 ಡಾಲರ್ ಕೊಡುವ ರಾಜಿಯಲ್ಲಿ ಮುಗಿಯಿತು. ಆಮೇಲೆ ಮೆಮೊರಿಯ ಅಂಕಿಯನ್ನು ಕೊಳ್ಳುವವರು ಹೆಚ್ಚು ಸಂಶಯದಿಂದಲೇ ಓದತೊಡಗಿದರು.

ಭಾರತದ ಕೊಳ್ಳುಗರಿಗೆ ಈ ಲೆಕ್ಕಗಳ ಮೇಲೆ ಇನ್ನೆರಡು ಸೇರಿದ್ದವು, ತೆರಿಗೆ ಮತ್ತು ಕರೆಂಟು. 2017ರ ಜುಲೈನಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ 20 ಇಂಚಿನೊಳಗಿನ ಮಾನಿಟರಿಗೆ ಶೇ. 18, ಅದಕ್ಕೂ ದೊಡ್ಡದಕ್ಕೆ ಶೇ. 28 ತೆರಿಗೆ ನಿಗದಿಯಾಯಿತು. 1440ಪಿ ಪರದೆಗಳು ಸಾಮಾನ್ಯವಾಗಿ 27 ಇಂಚಿನವಾದ್ದರಿಂದ, ಕಾನೂನಿನಲ್ಲಿ ಇಂಚಿನ ಮೇಲಿದ್ದ ತೆರಿಗೆ ಬಳಕೆಯಲ್ಲಿ ಬಿಂದುಗಳ ಮೇಲಿನ ತೆರಿಗೆಯೇ ಆಗಿತ್ತು. 2019ರ ಜನವರಿಯಿಂದ 32 ಇಂಚಿನವರೆಗೂ ಶೇ. 18ಕ್ಕೆ ಇಳಿಸಲಾಯಿತು, 2025ರ ಸೆಪ್ಟೆಂಬರಿನಲ್ಲಿ ಉಳಿದ ದೊಡ್ಡ ಪರದೆಗಳೂ ಆ ದರದೊಳಗೆ ಬಂದವು. ಕರೆಂಟಿನ ಲೆಕ್ಕ ಇನ್ನಷ್ಟು ಮನೆಗೆ ಹತ್ತಿರದ್ದು. ಮನೆಮನೆಯ ಕಂಪ್ಯೂಟರಿನ ಕಾಲಬುಡದಲ್ಲಿ ಕೂತಿರುವ 600 ವಿಎ ಯುಪಿಎಸ್ ಹೆಚ್ಚೆಂದರೆ 360 ವ್ಯಾಟ್‌ನ ಆಸುಪಾಸಿನ ಭಾರ ತಡೆಯುತ್ತದೆ. 4ಕೆಗೆಂದೇ ಹೆಸರಾದ ‘ಆರ್‌ಟಿಎಕ್ಸ್ 3080’ ಕಾರ್ಡಿಗೊಂದಕ್ಕೇ 320 ವ್ಯಾಟ್, 2022ರ ‘4090’ಕ್ಕೆ 450 ವ್ಯಾಟ್. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಕಾರ್ಡಿನ ಮಾತು ಪವರ್ ಸಪ್ಲೈ ಮತ್ತು ಯುಪಿಎಸ್‌ನ ಮಾತಿಗೆ ತಿರುಗುವುದು ಇದರಿಂದಲೇ.

699 ಡಾಲರಿಗೆಂದು 2020ರ ಸೆಪ್ಟೆಂಬರಿನಲ್ಲಿ ಸಾರಲಾದ ‘3080’ ಆ ಬೆಲೆಗೆ ಕೈಗೆ ಸಿಕ್ಕಿದ್ದು ತೀರ ಕೆಲವರಿಗೆ. ಕೋವಿಡ್ ಕಾಲದ ಕೊರತೆಯ ಜೊತೆಗೆ, ಈಥೀರಿಯಂ ಎಂಬ ಕ್ರಿಪ್ಟೋ ನಾಣ್ಯವನ್ನು ಗಳಿಸಲು ಇದೇ ಕಾರ್ಡುಗಳನ್ನು ಹಗಲಿರುಳು ದುಡಿಸುವವರ ಪೈಪೋಟಿಯೂ ಸೇರಿತು. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ತನ್ನ ಪದ್ಧತಿಯನ್ನೇ ಬದಲಿಸಿ ಆ ಗಳಿಕೆಗೆ ಕಾರ್ಡುಗಳನ್ನು ನಿರುಪಯುಕ್ತಗೊಳಿಸುವವರೆಗೂ ಆಟಗಾರರಿಗೆ ಆಯ್ಕೆ ಎಂಬ ಮಾತಿಗೆ ಅರ್ಥವೇ ಇರಲಿಲ್ಲ.

ಪರದೆಯ ಹಿಡಿತ ಸಡಿಲವಾದದ್ದು ಎರಡು ಹಂತಗಳಲ್ಲಿ. ಮೊದಲನೆಯದು 2013ರಲ್ಲಿ ಎನ್‌ವಿಡಿಯಾ ಪ್ರಕಟಿಸಿದ ಜಿ-ಸಿಂಕ್ ಮತ್ತು ಅದರ ಬೆನ್ನಿಗೇ ಎಎಂಡಿ ತಂದ ಫ್ರೀಸಿಂಕ್; ಕಾರ್ಡು ಫ್ರೇಮನ್ನು ಮುಗಿಸಿದ ಕ್ಷಣಕ್ಕೆ ಸರಿಯಾಗಿ ಪರದೆ ಬದಲಾಗುವಂತೆ ಮಾಡಿ, ಗಡಿಯಾರದ ವಿಷಯದಲ್ಲಿ ಪರದೆಯೇ ಕಾರ್ಡಿಗೆ ಕಾಯುವಂತೆ ಇವು ಮಾಡಿದವು. ಎರಡನೆಯದು 2018ರ ಆರ್‌ಟಿಎಕ್ಸ್ ಕಾರ್ಡುಗಳೊಂದಿಗೆ ಬಂದು, ಮೊದಲ ಆವೃತ್ತಿಯಲ್ಲಿ ಮಬ್ಬು ಚಿತ್ರಕ್ಕಾಗಿ ಟೀಕೆಗೊಳಗಾಗಿ, 2020ರ ಎರಡನೆಯ ಆವೃತ್ತಿಯಲ್ಲಿ ನೆಲೆ ಕಂಡ ಡಿಎಲ್‌ಎಸ್‌ಎಸ್. ಇದರಲ್ಲಿ ಆಟವನ್ನು ಕಡಿಮೆ ಬಿಂದುಗಳಲ್ಲಿ ಬರೆದು, ಹಿಂದಿನ ಫ್ರೇಮುಗಳ ಮಾಹಿತಿಯನ್ನೂ ತರಬೇತಿ ಪಡೆದ ನ್ಯೂರಲ್ ನೆಟ್‌ವರ್ಕನ್ನೂ ಬಳಸಿ ಪರದೆಯ ಪೂರ್ಣ ರೆಸಲ್ಯೂಷನ್ನಿಗೆ ಹಿಗ್ಗಿಸಲಾಗುತ್ತದೆ. 4ಕೆ ಪರದೆಯೆದುರು ‘ಕ್ವಾಲಿಟಿ’ ಎಂಬ ಆಯ್ಕೆಯನ್ನು ಒತ್ತಿದವನ ಕಾರ್ಡು ನಿಜವಾಗಿ ಬರೆಯುವುದು 2560×1440 ಬಿಂದುಗಳನ್ನು. ‘ಪರ್ಫಾರ್ಮೆನ್ಸ್’ ಎಂಬುದನ್ನು ಒತ್ತಿದರೆ 1920×1080, ಅಂದರೆ ನಾಲ್ಕರಲ್ಲಿ ಒಂದು ಪಾಲು ಮಾತ್ರ. ಎಎಂಡಿಯ ಎಫ್‌ಎಸ್‌ಆರ್ ಕೂಡ 2021ರಲ್ಲಿ ಕಡಿಮೆ ಬಿಂದುಗಳಲ್ಲಿ ಬರೆದು ಹಿಗ್ಗಿಸುವ ದಾರಿಗೆ ಬಂತು. ಡೂಮ್ ಆಟಗಾರನು ಮೈನಸ್ ಗುಂಡಿಯೊತ್ತಿ ಮಾಡಿಕೊಳ್ಳುತ್ತಿದ್ದ ಚೌಕಾಸಿ ಹೀಗೆ ಮೆನುವಿನೊಳಗೆ ಮರಳಿ ಬಂದಿದೆ, ಕಿಟಕಿಯ ಸುತ್ತಲಿನ ಚೌಕಟ್ಟು ಮಾತ್ರ ಕಾಣಿಸುವುದಿಲ್ಲ.

ಈ ನಡುವೆ ಕೆಲವರು ಮೂಲ ಸಿಆರ್‌ಟಿಯನ್ನೇ ಹುಡುಕಿಕೊಂಡು ಹೊರಟರು. ಸೋನಿ ಕಂಪನಿಯ ‘ಎಫ್‌ಡಬ್ಲ್ಯೂ900’ ಎಂಬ 24 ಇಂಚಿನ ಅಗಲ ಪರದೆಯ ಮಾನಿಟರು 2304×1440ರವರೆಗೂ ಏರಬಲ್ಲದು, ಅದಕ್ಕೆ ಕೆಳಗಿನ ಯಾವ ಮೆಟ್ಟಿಲಿಗೂ ಮಬ್ಬಾಗದೆ ಇಳಿಯಬಲ್ಲದು; ಸುಮಾರು 42 ಕಿಲೋ ತೂಗುವ ಇದನ್ನು ಮೇಜಿಗೇರಿಸಲು ಇಬ್ಬರು ಬೇಕು. 2019ರ ಹೊತ್ತಿಗೆ ಇದು ಆಟಗಾರರ ನಡುವೆ ಮತ್ತೆ ಹೆಸರುವಾಸಿಯಾದಾಗ ಎದುರಾದ ತೊಡಕು ಬಿಂದುಗಳದ್ದಾಗಿರಲಿಲ್ಲ. ಸಿಆರ್‌ಟಿಗೆ ಬೇಕಾದ ಅನಲಾಗ್ ಸಂಕೇತವನ್ನು ಹೊರಡಿಸುವ ಕಿಂಡಿ ಎನ್‌ವಿಡಿಯಾ ಕಾರ್ಡುಗಳಲ್ಲಿ 2016ರ ‘ಜಿಟಿಎಕ್ಸ್ 1080’ರ ಪೀಳಿಗೆಯಿಂದಲೇ ಇಲ್ಲವಾಗಿದೆ, ಆದ್ದರಿಂದ ಇಂಥ ಮಾನಿಟರಿರುವವರು ಹೊಸ ಕಾರ್ಡು ಆರಿಸುವಾಗ, ಡಿಸ್‌ಪ್ಲೇಪೋರ್ಟಿನಿಂದ ವಿಜಿಎಗೆ ಬದಲಿಸಿಕೊಡುವ ಪುಟ್ಟ ಅಡಾಪ್ಟರ್ ಸೆಕೆಂಡಿಗೆ ಎಷ್ಟು ಬಿಂದುಗಳನ್ನು ತಾಳಿಕೊಳ್ಳುತ್ತದೆ ಎಂಬುದನ್ನು ಮೊದಲು ವಿಚಾರಿಸುತ್ತಾರೆ.